ಮನೆಗೊಂದು ಹಿತ್ತಾಳೆ ವಾಲ್ವ್: ಹತ್ತು ತಿಂಗಳ ಬಳಕೆಯ ಮೇಲೆ

ವಿಜಯನಗರದಲ್ಲಿ ನಮ್ಮದು ಮೂರಂತಸ್ತಿನ ಮನೆ. ಹೋದ ದೀಪಾವಳಿಗೆ ಕೆಳಮನೆಯ ಬಾಡಿಗೆದಾರರು ಬೀಗ ಹಾಕಿ ಹಾವೇರಿಗೆ ಹೋಗಿದ್ದಾಗ ಅವರ ಬೇಸಿನ್ ಕೆಳಗಿನ ಪ್ಲಾಸ್ಟಿಕ್ ಕನೆಕ್ಷನ್ ಪೈಪ್ ಸೀಳಿತು. ಸಾವಿರ ಲೀಟರಿನ ಟ್ಯಾಂಕ್ ಖಾಲಿಯಾಗಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೋಟಾರಿಗೆ ನಾನೇ ಹೆಮ್ಮೆಯಿಂದ ಹಾಕಿಸಿದ್ದ ಆಟೊಮ್ಯಾಟಿಕ್ ಕಂಟ್ರೋಲರ್ ರಾತ್ರಿಯಿಡೀ ನಿಷ್ಠೆಯಿಂದ ಟ್ಯಾಂಕ್ ತುಂಬಿಸಿ, ಬೆಳಗಾಗುವಷ್ಟರಲ್ಲಿ ಸಂಪಿನ ತಳ ಕಾಣಿಸಿತು. ನೀರು ಹೊಸ್ತಿಲು ದಾಟಿ ರಂಗೋಲಿ ಅಳಿಸಿದಾಗಲೇ ನಮಗೆ ಗೊತ್ತಾದದ್ದು. ಓಡಿಹೋಗಿ ತಾರಸಿಯ ಗೇಟ್ ವಾಲ್ವ್ ತಿರುಗಿಸಿದರೆ ಚಕ್ರ ಸುತ್ತುತ್ತದೆ, ನೀರು ನಿಲ್ಲುವುದಿಲ್ಲ. ಒಳಗಿನ ತಟ್ಟೆ ಎಂದೋ ಕಳಚಿಕೊಂಡಿತ್ತಂತೆ.

ಆ ವಾರವೇ ಕೆಳಗಿನ ಎರಡು ಮನೆಗಳಿಗೆ, ಬಾಗಿಲ ಪಕ್ಕದಲ್ಲೇ, ಮುಕ್ಕಾಲು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ಹಾಕಿಸಿದೆ. ಒಂದಕ್ಕೆ 480 ರೂಪಾಯಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ನೀರು ಬರುತ್ತದೆ, ಅಡ್ಡ ನಿಂತರೆ ಬಂದ್. ಯಾರಿಗೂ ಪಾಠ ಹೇಳಬೇಕಿಲ್ಲ, ತಾರಸಿಯ ಬೀಗದ ಕೈಗಾಗಿ ನನ್ನನ್ನು ಎಬ್ಬಿಸಬೇಕಿಲ್ಲ. ಊರಿಗೆ ಹೊರಡುವವರು ಚಪ್ಪಲಿ ಮೆಟ್ಟುವಾಗಲೇ ಕಾಲು ಸುತ್ತು ತಿರುಗಿಸಿ ಹೋಗುತ್ತಾರೆ.

ಕೊಳ್ಳುವಾಗ ಒಂದು ಕೆಲಸ ಮಾಡಿ. ವಾಲ್ವಿನ ಮರೆಯ ಅಂಚನ್ನು ಬೀಗದ ಕೈಯಿಂದ ಸ್ವಲ್ಪ ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ, ಬೂದು ಬಣ್ಣ ಕಂಡರೆ ಹೊಳಪು ಲೇಪಿಸಿದ ಬೇರೆ ಲೋಹ. ಅಂಗಡಿಯವನು ಮುಖ ಸಿಂಡರಿಸಿದ, ಆದರೆ ಮೊದಲು ಕೊಟ್ಟಿದ್ದನ್ನು ಸುಮ್ಮನೆ ಒಳಗಿಟ್ಟು ಬೇರೆಯದನ್ನು ತಂದ.

ದೋಷವೂ ಇದೆ. ಹಿಡಿ ಕಬ್ಬಿಣದ್ದು, ಮಳೆ ತಗಲುವ ಕಡೆ ಅದರ ನಟ್ಟು ಆಗಲೇ ತುಕ್ಕು ಹಿಡಿದಿದೆ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ಒಳಗಿನ ಗುಂಡು ಕಚ್ಚಿಕೊಳ್ಳದಿರಲು ತಿಂಗಳಿಗೊಮ್ಮೆ ತಿರುಗಿಸಲೇಬೇಕು. ನಾನು ಬಾಡಿಗೆ ಈಸಿಕೊಳ್ಳಲು ಹೋದ ದಿನ ತಿರುಗಿಸುತ್ತೇನೆ.

ವಾಲ್ವ್ ಇದೆಯೆಂದು ಹಳೆಯ ಕನೆಕ್ಷನ್ ಪೈಪನ್ನು ಹಾಗೇ ಬಿಡಬೇಡಿ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿನ ನಲ್ಲಿಯ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡವಿರುತ್ತದೆ. ಪ್ಲಾಸ್ಟಿಕ್ ಹಳತಾದಷ್ಟೂ ಅದು ಭಾರವೇ. ನಾನು ಸ್ಟೀಲ್ ಹೆಣಿಗೆಯವನ್ನು ಹಾಕಿಸಿದ್ದೇನೆ. ಅವುಗಳ ಒಳಗಿರುವುದೂ ರಬ್ಬರೇ ಎನ್ನುವುದು ನೆನಪಿರಲಿ.

ಮೇಲಿನ ಮನೆಗೆ ಇನ್ನೂ ವಾಲ್ವ್ ಹಾಕಿಸಿಲ್ಲ. ಸೋಮವಾರ ಬರುತ್ತೇನೆಂದ ಪ್ಲಂಬರ್ ಯಾವ ಸೋಮವಾರ ಎಂದು ಹೇಳಿರಲಿಲ್ಲ.