ಎಥೆನಾಲ್‌ಗೆ ಕಾಕಂಬಿಯೋ, ಮೆಕ್ಕೆಜೋಳವೋ?

ಎಥೆನಾಲ್ ಘಟಕ ಹಾಕುವವರಿಗೆ ಸಕ್ಕರೆ ಕಾರ್ಖಾನೆ ಪಕ್ಕದಲ್ಲೇ ಇದ್ದರೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ದಪ್ಪ ಪಾಕ) ಸುಲಭ. ಅದರಲ್ಲಿ ಸಕ್ಕರೆ ಆಗಲೇ ಇದೆ. ನೀರು ಬೆರೆಸಿ, ಯೀಸ್ಟ್ ಹಾಕಿ ಹುದುಗಿಸಿ, ಬಟ್ಟಿ ಇಳಿಸಿದರಾಯಿತು. ದರ್ಜೆ ನೋಡಿಕೊಂಡು ಟನ್‌ಗೆ ಸುಮಾರು 220ರಿಂದ 300 ಲೀಟರ್ ಸಿಗುತ್ತದೆ. ಆದರೆ ಮಳೆ ಕೈಕೊಟ್ಟರೆ ಕಬ್ಬೂ ಇಲ್ಲ, ಕಾಕಂಬಿಯೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನ ಎಥೆನಾಲ್‌ಗೆ ತಡೆ ಹಾಕಿದ್ದು ನೆನಪಿದೆ ಅಲ್ವಾ?

ಮೆಕ್ಕೆಜೋಳ ಟನ್‌ಗೆ 370 ಲೀಟರ್ ಆಸುಪಾಸು ಕೊಡುತ್ತದೆ. ಪಿಷ್ಟವನ್ನು ಮೊದಲು ಕಿಣ್ವ ಹಾಕಿ ಸಕ್ಕರೆ ಮಾಡಬೇಕು, ಅದೊಂದು ಹೆಚ್ಚಿನ ಕೆಲಸ. ಆದರೆ ಕಾಳನ್ನು ಗೋದಾಮಿನಲ್ಲಿ ಇಟ್ಟುಕೊಂಡು ವರ್ಷವಿಡೀ ಘಟಕ ಓಡಿಸಬಹುದು, ಉಳಿದ ಚರಟ ಪಶು ಆಹಾರವಾಗಿ ಮಾರಾಟವಾಗುತ್ತದೆ. ದಾವಣಗೆರೆ, ಹಾವೇರಿ ಕಡೆಯವರಾದರೆ ನನ್ನ ಮತ ಇದಕ್ಕೇ.

ಭತ್ತದ ಹುಲ್ಲು? ಪಾಣಿಪತ್‌ನಲ್ಲಿ 2022ರಲ್ಲಿ ಅಂಥ ಘಟಕ ಉದ್ಘಾಟನೆಯಾಗಿದೆ. ಹುಲ್ಲಿಗೆ ಗಟ್ಟಿತನ ಕೊಡುವ ಲಿಗ್ನಿನ್ ಬಿಡಿಸುವುದೇ ದೊಡ್ಡ ತಲೆನೋವು. ಸಣ್ಣ ಬಂಡವಾಳದವರು ಸುಮ್ನೆ ಆ ಕಡೆ ಹೋಗಬೇಡಿ.