ಡ್ಯುಯಲ್ ಮಾಸೋ, ಸಾಲಿಡ್ಡೋ? ಹಳೇ ಡೀಸೆಲ್ ಕಾರಿಗೆ ಹಾಕಿ ನೋಡಿದ ಮೂರು ಫ್ಲೈವೀಲ್

ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಕಾರಿನ ಕ್ಲಚ್ ಬಿಚ್ಚಿಸಿದರೆ, ಜೇಬಿಗೆ ಕತ್ತರಿ ಬೀಳುವುದು ಕ್ಲಚ್‌ನಿಂದಲ್ಲ, ಅದರ ಹಿಂದೆ ಇಂಜಿನ್ ಜೊತೆ ತಿರುಗುವ ಭಾರದ ತಟ್ಟೆಯಿಂದ, ಅಂದರೆ ಫ್ಲೈವೀಲ್‌ನಿಂದ. ನನ್ನದು ಯುರೋಪಿನ ಕಂಪನಿಯ 1.9 ಲೀಟರ್ ಟರ್ಬೊ ಡೀಸೆಲ್ ಸೆಡಾನ್. ಭಾವನ ಹತ್ತಿರ ಇರುವುದೂ ಅದೇ ಮಾಡೆಲ್, ಅದೇ ಇಂಜಿನ್. ನಾನು ಮೊದಲು ರಿಪೇರಿ ಮಾಡಿದ ಡ್ಯುಯಲ್ ಮಾಸ್ (ಎರಡು ತಟ್ಟೆಯ ಫ್ಲೈವೀಲ್) ಹಾಕಿಸಿದೆ, ಆಮೇಲೆ ಸಾಲಿಡ್ (ಒಂದೇ ತಟ್ಟೆಯ) ಕಿಟ್‌ಗೆ ಬದಲಾದೆ. ಭಾವ ಹೊಸ ಡ್ಯುಯಲ್ ಮಾಸ್‌ಗೇ ದುಡ್ಡು ಸುರಿದರು. ಹಾಗಾಗಿ ಮೂರನ್ನೂ ತುಮಕೂರಿನ ಇವೇ ರಸ್ತೆಗಳಲ್ಲಿ ಓಡಿಸುವ ಅವಕಾಶ ಸಿಕ್ಕಿತು.

ನಾಲ್ಕು ಸಿಲಿಂಡರ್ ಇಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಅರ್ಧ ಸುತ್ತು ಹಾಕುವಷ್ಟರಲ್ಲಿ ಒಂದು ಸಿಲಿಂಡರ್‌ನಲ್ಲಿ ಡೀಸೆಲ್ ಉರಿದು ಏಟು ಕೊಡುತ್ತದೆ. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ (ಐಡಲ್) ನಿಮಿಷಕ್ಕೆ 900 ಸುತ್ತು (ಆರ್‌ಪಿಎಂ) ಇದ್ದರೆ ಸೆಕೆಂಡಿಗೆ 30 ಏಟು. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಏಟೂ ಜೋರು. ಡ್ಯುಯಲ್ ಮಾಸ್‌ನಲ್ಲಿ ಎರಡು ತಟ್ಟೆ: ಒಂದು ಕ್ರ್ಯಾಂಕ್‌ಗೆ, ಇನ್ನೊಂದು ಕ್ಲಚ್ ಕಡೆಗೆ. ನಡುವೆ ಗ್ರೀಸಿನಲ್ಲಿ ಕೂತ ಉದ್ದನೆಯ ಬಾಗಿದ ಸ್ಪ್ರಿಂಗ್‌ಗಳು. ಏಟನ್ನು ಅವು ನುಂಗಿಕೊಂಡು ಗೇರ್ ಬಾಕ್ಸ್‌ಗೆ ತಲುಪದಂತೆ ನೋಡಿಕೊಳ್ಳುತ್ತವೆ. ಜರ್ಮನಿಯ ಲುಕ್ ಕಂಪನಿ 1985ರಲ್ಲೇ ಇದನ್ನು ಕಾರುಗಳಿಗಾಗಿ ತಯಾರಿಸತೊಡಗಿತ್ತು. ಸಾಲಿಡ್ ಅಂದರೆ ಒಂದೇ ಕಬ್ಬಿಣದ ತಟ್ಟೆ. ಸ್ಪ್ರಿಂಗ್ ಕೆಲಸವೆಲ್ಲ ಕ್ಲಚ್ ಪ್ಲೇಟಿನ ನಡುವಿನ ಪುಟ್ಟ ಸ್ಪ್ರಿಂಗ್‌ಗಳ ಪಾಲಿಗೆ.

ರಿಪೇರಿ ಮಾಲಿನ ಕಥೆ ಬೇಗ ಮುಗಿಸುತ್ತೇನೆ. ಹಳೆಯದನ್ನು ಬಿಚ್ಚಿ, ಸ್ಪ್ರಿಂಗ್ ಬದಲಿಸಿ, ಹೊಸ ಗ್ರೀಸ್ ತುಂಬಿ, ಮತ್ತೆ ವೆಲ್ಡ್ ಮಾಡಿ ಕೊಟ್ಟಿದ್ದರು. ಶುರುವಿನಲ್ಲಿ ಹೊಸದರ ಹಾಗೇ ಇತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇಂಜಿನ್ ಆಫ್ ಮಾಡಿದಾಗಲೆಲ್ಲ ‘ಧಡ್’ ಅನ್ನತೊಡಗಿತು. ಇಳಿಸಿ ಕೈಯಲ್ಲಿ ಅಲ್ಲಾಡಿಸಿದರೆ ತಟ್ಟೆಗಳ ನಡುವೆ ಓಲಾಟ. ಗೇರ್ ಬಾಕ್ಸ್ ಇಳಿಸುವ ಕೂಲಿ ಎರಡೆರಡು ಸಲ ಕೊಡಬೇಕಾದ ಮಾಲನ್ನು ಅಗ್ಗ ಅನ್ನಲು ನನ್ನಿಂದಾಗದು.

ಭಾವನ ಗಾಡಿ ಮಾತ್ರ ಮೆತ್ತಗೆ. ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಗೇರ್ ಲಿವರ್ ಮೇಲೆ ಕೈಯಿಟ್ಟರೂ ನಡುಕ ಗೊತ್ತಾಗುವುದಿಲ್ಲ. ಸಿದ್ಧಗಂಗೆ ಜಾತ್ರೆ ಹೊತ್ತಲ್ಲಿ ಕ್ಯಾತ್ಸಂದ್ರದ ಜನಜಂಗುಳಿಯಲ್ಲಿ ಅಡಿ ಅಡಿಯಾಗಿ ಹೋಗುವಾಗಲೂ ಎಳೆತ ಹಿತವಾಗಿದೆ. ಸುಖದ ಮಾತಿಗೆ ಬಂದರೆ ಇದಕ್ಕೆ ಎದುರಿಲ್ಲ. ಆದರೆ ಈ ಸುಖದಲ್ಲೇ ಒಂದು ಕೇಡಿದೆ. ದೇವರಾಯನದುರ್ಗದ ಏರಿನಲ್ಲಿ ಭಾವ ಮೂರನೇ ಗೇರ್‌ನಲ್ಲೇ 1,200 ಆರ್‌ಪಿಎಂಗೆ ಇಳಿಸಿ ಒತ್ತುತ್ತಾರೆ. “ಎರಡಕ್ಕೆ ಹಾಕಿ ಭಾವ” ಅಂದರೆ “ಎಳೀತೈತಲ್ಲೋ, ಇರ್ಲಿ ಬಿಡು” ಅನ್ನುತ್ತಾರೆ. ಎಳೆಯುವುದೇನೋ ನಿಜ. ಒಳಗೆ ಸ್ಪ್ರಿಂಗ್‌ಗಳು ಕೊನೆಯವರೆಗೆ ಒತ್ತಿಕೊಂಡು ಹೊಡೆತ ತಿನ್ನುತ್ತಿರುತ್ತವೆ; ಕಿವಿಗೆ ಏನೂ ಬೀಳುವುದಿಲ್ಲ. ಡ್ಯುಯಲ್ ಮಾಸ್ ಬೇಗ ಸಾಯುವುದು ಹೆಚ್ಚಾಗಿ ಇಂಥ ಓಟದಿಂದಲೇ.

ಈಗ ನನ್ನ ಗಾಡಿಯಲ್ಲಿರುವ ಸಾಲಿಡ್. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಫ್ಲೈವೀಲ್, ಪ್ರೆಷರ್ ಪ್ಲೇಟ್, ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಒಟ್ಟಿಗೇ ಬರುವ ಕಿಟ್ ತಂದೆ. ಭಾವ ಕೊಟ್ಟದ್ದರ ಅರ್ಧದಷ್ಟೂ ಆಗಲಿಲ್ಲ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ನ್ಯೂಟ್ರಲ್‌ನಲ್ಲಿ ಕಟಕಟ ಸದ್ದು. ಕ್ಲಚ್ ತುಳಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. “ಏನೋ ಇದು, ರಾಗಿ ಮಿಷನ್ ಇದ್ದಂಗೈತೆ” ಅಂದರು ಭಾವ. ಅದು ಗೇರ್ ಹಲ್ಲುಗಳು ಒಂದಕ್ಕೊಂದು ತಾಗುವ ಸದ್ದು. ಬಿಟ್ಟುಹೋಗುವಂಥದ್ದಲ್ಲ, ಒಗ್ಗಿಕೊಳ್ಳಬೇಕು. ಮುಂದೆ ಹೊರಟಾಗ ಕ್ಲಚ್ ಸ್ವಲ್ಪ ಗಡಸು. ಆಕ್ಸಿಲರೇಟರ್ ಬಿಟ್ಟರೆ ಆರ್‌ಪಿಎಂ ಬೇಗ ಇಳಿಯುತ್ತದೆ. ಡಾಬಸ್‌ಪೇಟೆ, ನೆಲಮಂಗಲದ ಹೆದ್ದಾರಿಯಲ್ಲಿ 2,000 ಆರ್‌ಪಿಎಂ ದಾಟಿದ ಮೇಲೆ ಎರಡು ಗಾಡಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಮೈಲೇಜ್‌ನಲ್ಲೂ ಇಲ್ಲ.

ನನಗೆ ಇದು ಹಿಡಿಸಿದ್ದು ಅದೇ ದುರ್ಗದ ಏರಿನಲ್ಲಿ. 1,400ಕ್ಕೆ ಇಳಿದು ಒತ್ತಿದರೆ ಇಡೀ ಗಾಡಿ ಗಡಗಡ ಅಂದು ರೇಗುತ್ತದೆ, ಗೇರ್ ಇಳಿಸುವವರೆಗೂ ಬಿಡುವುದಿಲ್ಲ. ನಯವಾಗಿ ಓಡಿಸುವವರಿಗೆ ಇದೇ ಒಳ್ಳೆಯದು ಅನ್ನುವ ನನ್ನ ನಂಬಿಕೆ ಅಲ್ಲಿಂದ ಬಂದದ್ದು. ಆ ಗಡಗಡವನ್ನು ಲೆಕ್ಕಿಸದೆ ಓಡಿಸುವವರಿಗಲ್ಲ: ಏಟು ನುಂಗುವವರು ಕಡಿಮೆಯಾದ ಮೇಲೆ ಅದು ಗೇರ್ ಬಾಕ್ಸ್‌ಗೇ ಹೋಗುತ್ತದೆ. ಇನ್ನೊಂದು ಲಾಭ, ಮುಂದಿನ ಸಲ ಕ್ಲಚ್ ಹೋದರೆ ಇದೇ ತಟ್ಟೆಗೆ ಲೇತ್‌ನಲ್ಲಿ ಫೇಸಿಂಗ್ ಹೊಡೆಸಿ, ಅಂದರೆ ಮೇಲ್ಮೈ ಸಮ ಮಾಡಿಸಿ, ಮತ್ತೆ ಹಾಕಬಹುದು.

ಕೂರಿಸುವಾಗ ಪಕ್ಕದಲ್ಲಿ ನಿಲ್ಲಿ, ಮೇಸ್ತ್ರಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಸಾಲಿಡ್‌ಗೆ ಹಳೇ ಡ್ಯುಯಲ್ ಮಾಸ್‌ನ ಸ್ಪ್ರಿಂಗ್ ಇಲ್ಲದ ಕ್ಲಚ್ ಪ್ಲೇಟ್ “ಇನ್ನೂ ಚೆನ್ನಾಗೈತೆ ಸಾರ್” ಅಂತ ಹಾಕಲು ಬಿಡಬೇಡಿ. ಆಗ ಎಲ್ಲೂ ಸ್ಪ್ರಿಂಗೇ ಇರುವುದಿಲ್ಲ. ಈ ಇಂಜಿನ್‌ನಲ್ಲಿ ಫ್ಲೈವೀಲ್ ಬೋಲ್ಟ್ ಆರು, ಹಿಗ್ಗುವ ಜಾತಿಯವು, ಒಮ್ಮೆ ಬಿಚ್ಚಿದರೆ ಎಸೆಯಬೇಕು. ಹೊಸವನ್ನು ಎದುರು ಬದುರಾಗಿ 60 ನ್ಯೂಟನ್ ಮೀಟರ್‌ಗೆ ಬಿಗಿದು, ಮೇಲೆ ಇನ್ನು 90 ಡಿಗ್ರಿ ತಿರುಗಿಸಬೇಕು. ಎರಡು ಬಗೆಯ ಫ್ಲೈವೀಲ್‌ಗೆ ಬೋಲ್ಟ್‌ನ ಉದ್ದ ಬೇರೆ. ಕಿಟ್‌ಗೆ ಹೊಂದುವುದನ್ನೇ ತನ್ನಿ. ಹೊಸ ತಟ್ಟೆಗೆ ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸದಿದ್ದರೆ ಮೊದಲ ದಿನವೇ ಕ್ಲಚ್ ಜಾರುತ್ತದೆ. ಗೇರ್ ಬಾಕ್ಸ್ ಹೇಗೂ ಕೆಳಗಿದೆ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೂ ಬದಲಾಯಿಸಿಬಿಡಿ; ಅಲ್ಲಿ ಆಯಿಲ್ ಸೋರಿದರೆ ಮೂರರಲ್ಲಿ ಯಾವ ಫ್ಲೈವೀಲ್ ಹಾಕಿದ್ದರೂ ಕ್ಲಚ್ ಕೆಡುತ್ತದೆ.