ಜೆಲ್‌ನಲ್ಲಿ ಒಂದೇ ಬ್ಯಾಂಡ್ ಬಂತು ಅಂತ ಹಿಸ್ಟೋನ್ ನಂಬಬೇಡಿ

ಡಿಎನ್‌ಎ ಯಾವುದರ ಸುತ್ತ ಸುತ್ತಿಕೊಳ್ಳುತ್ತದೋ ಆ ಹಿಸ್ಟೋನ್ ಪ್ರೋಟೀನನ್ನು ಹೊರಗಿಂದ ಕೊಂಡು ಕೆಲಸ ಮಾಡುವವರು ಇದನ್ನೊಮ್ಮೆ ಓದಿ. ನಮ್ಮ ನಾಲ್ಕು ತಿಂಗಳು ಮಣ್ಣುಪಾಲಾಗಿದ್ದು ಬರೀ 1 ಡಾಲ್ಟನ್ (ಸುಮಾರು ಒಂದು ಹೈಡ್ರೋಜನ್ ಪರಮಾಣುವಿನ ತೂಕ) ವ್ಯತ್ಯಾಸ ಕಾಣದೆ.

ನಮಗೆ ಬೇಕಿದ್ದುದು ಮನುಷ್ಯನ ಎಚ್3.1, ಹಿಸ್ಟೋನಿನ ಒಂದು ಬಗೆ. ಪಿ300 ಅನ್ನೋ ಎಂಜೈಮ್ ಅದರ ಲೈಸಿನ್‌ಗಳ (ಒಂದು ಅಮೈನೋ ಆಮ್ಲ) ಮೇಲೆ ಅಸಿಟೈಲ್ ಅನ್ನೋ ಸಣ್ಣ ಗುಂಪನ್ನು ಕೂರಿಸುತ್ತದೆ. ನಮ್ಮ ಹತ್ತಿರ ಇದ್ದ ಒಂದು ಸಣ್ಣ ಅಣು ಅದನ್ನು ತಡೆಯುತ್ತದಾ ಅಂತ ನೋಡಬೇಕಿತ್ತು. ಕರುವಿನ ಥೈಮಸ್‌ನಿಂದ ತೆಗೆದ ಹಿಸ್ಟೋನೂ ಸಿಗುತ್ತದೆ. ಆದರೆ ಅದರ ಮೇಲೆ ಆಗಲೇ ಅಸಿಟೈಲ್, ಮೀಥೈಲ್ ಎಲ್ಲ ಕೂತಿರುತ್ತವೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದರಲ್ಲಿ ಆ ಗೋಜಿಲ್ಲ, ಒರೆಸಿದ ಸ್ಲೇಟಿನ ಹಾಗೆ. ನಾವು ದುಡ್ಡು ಕೊಡುವುದೇ ಆ ಖಾಲಿ ಸ್ಲೇಟಿಗೆ, ಅಲ್ವಾ?

ಮೂರು ಕೊಟೇಶನ್ ತರಿಸಿದೆವು. ಪರ್ಚೇಸ್ ಕಮಿಟಿ ಎಂದಿನಂತೆ ಎಲ್ಲಕ್ಕಿಂತ ಕಡಿಮೆ ರೇಟಿನದನ್ನು ಪಾಸು ಮಾಡಿತು. ಡಬ್ಬಿ ಬಂದಾಗ ಡ್ರೈ ಐಸ್ ಇನ್ನೂ ಹೊಗೆಯಾಡುತ್ತಿತ್ತು. ಜೊತೆಗಿದ್ದ ಶೀಟಿನಲ್ಲಿ ಶುದ್ಧತೆ ಶೇ. 95ಕ್ಕಿಂತ ಜಾಸ್ತಿ ಅಂತಿತ್ತು, ಒಂದು ಜೆಲ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪದರ) ಫೋಟೋ, ಅದರ ಕೆಳಗೆ ಚೂಪಾದ ಒಂದೇ ಶಿಖರದ ಮಾಸ್ ಸ್ಪೆಕ್ಟ್ರಮ್, ಅಂದರೆ ಅಣುವಿನ ತೂಕದ ನಕ್ಷೆ. ನಾವೂ ಜೆಲ್ ಓಡಿಸಿದೆವು. 17 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್. ಇನ್ನೇನು ಬೇಕು!

ಆದರೆ ಎಂಜೈಮ್ ಸರಿಯಾಗಿ ಕೆಲಸವೇ ಮಾಡಲಿಲ್ಲ. ಅಸಿಟೈಲ್ ಗುರುತಿಸುವ ಬ್ಲಾಟ್‌ನಲ್ಲಿ ಮಸುಕು ಮಸುಕಾದ ಸಿಗ್ನಲ್. ಎಂಜೈಮಿಗೆ ಅಸಿಟೈಲ್ ಒದಗಿಸುವ ಅಸಿಟೈಲ್ ಕೋಎ ಹಳೆಯದಿರಬೇಕು ಅಂದುಕೊಂಡು ಹೊಸದು ತರಿಸಿದೆವು. ಆಮೇಲೆ ಪಿ300 ಮೇಲೆ ಗುಮಾನಿ ಬಂತು. ಆಮೇಲೆ ಪಾಪ, ಪಿಪೆಟ್ ಹಿಡಿದಿದ್ದ ಹುಡುಗನ ಮೇಲೆ. ಎರಡು ತಿಂಗಳು ಹೀಗೇ ಹೋಯಿತು.

ಕೊನೆಗೆ ನಮ್ಮ ಹಳೇ ಮಾಲ್ಡಿಯಲ್ಲಿ (ಅಣುವಿನ ತೂಕ ಅಳೆಯುವ ಯಂತ್ರ) ಇಡೀ ಪ್ರೋಟೀನಿನ ತೂಕ ನೋಡಿದೆವು. ಎಚ್3.1 ತೂಕ 15,273 ಡಾಲ್ಟನ್. ಅದರ ಪಕ್ಕದಲ್ಲೇ 15,315ರ ಆಸುಪಾಸು ಒಂದು ಶಿಖರ, 15,358ರ ಆಸುಪಾಸು ಇನ್ನೊಂದು. ಅಸಿಟೈಲ್ ಒಂದಕ್ಕೆ 42. ಲೆಕ್ಕ ಕೂತಿತು! ಎಂಜೈಮ್ ಕೆಲಸ ಮಾಡುತ್ತಿದೆ ಅಂತ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದವರು ನಾವೇ.

ಇನ್ನೂ ಎರಡು ತಿಂಗಳು ಅದೇ ನಂಬಿಕೆಯಲ್ಲಿ ಕೆಲಸ ಸಾಗಿತು. ಒಂದು ಲ್ಯಾಬ್ ಮೀಟಿಂಗ್‌ನಲ್ಲಿ ಪಕ್ಕದ ಲ್ಯಾಬಿನವರೊಬ್ಬರು ಕೇಳಿದರು: "ಎಂಜೈಮ್ ಹಾಕದ ಟ್ಯೂಬಿನ ತೂಕ ಎಲ್ಲಿ?" ನೋಡಿರಲಿಲ್ಲ. ನಾಚಿಕೆಗೇಡು, ಆದರೂ ಹೇಳುತ್ತಿದ್ದೇನೆ. ಮಾರನೇ ದಿನ ನೋಡಿದರೆ ಅದರಲ್ಲೂ ಅವೇ ಶಿಖರಗಳು. ಸೀಲು ಒಡೆಯದ ವಯಲ್‌ನಲ್ಲೂ ಅವೇ. ಒಳ್ಳೇ ರೆಸಲ್ಯೂಶನ್ ಇರುವ ಯಂತ್ರಕ್ಕೆ ಕಳಿಸಿದಾಗ ಗೊತ್ತಾಯಿತು, ಹೆಚ್ಚಿದ್ದ ತೂಕ 42, 84 ಅಲ್ಲ, 43, 86. ಅದು ಅಸಿಟೈಲ್ ಅಲ್ಲ, ಕಾರ್ಬಮೈಲ್.

ಬಂದದ್ದು ಯೂರಿಯಾದಿಂದ. ನಮ್ಮಪ್ಪ ಗದ್ದೆಗೆ ಎರಚುವ ಅದೇ ಯೂರಿಯಾ. ಇ. ಕೋಲಿಯೊಳಗೆ ಹಿಸ್ಟೋನ್ ಸಾಮಾನ್ಯವಾಗಿ ಗಂಟುಗಂಟಾಗಿ ಕೂರುತ್ತದೆ. ಅದನ್ನು ಕರಗಿಸಿ, 7 ಮೋಲಾರ್ ಯೂರಿಯಾದಲ್ಲೇ ಅಯಾನ್ ಎಕ್ಸ್‌ಚೇಂಜ್ ಕಾಲಂ (ಚಾರ್ಜ್ ಪ್ರಕಾರ ಬೇರ್ಪಡಿಸುವ ಕೊಳವೆ) ಮೇಲೆ ಹಾಯಿಸುವುದು ರೂಢಿ. 1828ರಲ್ಲಿ ವೋಲರ್ ಅಮೋನಿಯಂ ಸಯನೇಟ್‌ನಿಂದ ಯೂರಿಯಾ ಮಾಡಿದ ಕಥೆ ಪಿಯುಸಿಯಲ್ಲಿ ಓದಿದ್ದೇವಲ್ಲ, ಆ ದಾರಿ ಹಿಂದಕ್ಕೂ ಹೋಗುತ್ತದೆ. ನೀರಿನಲ್ಲಿಟ್ಟ ಯೂರಿಯಾ ಮೆಲ್ಲಗೆ ಸಯನೇಟ್ ಬಿಡುತ್ತದೆ, ಬಿಸಿಯಾದರೆ ಇನ್ನೂ ಜಾಸ್ತಿ. ಸಯನೇಟ್ ಹೋಗಿ ಲೈಸಿನ್‌ಗೆ ಅಂಟುತ್ತದೆ, ಅದೇ ಕಾರ್ಬಮೈಲ್. ಎಚ್3ರಲ್ಲಿ 13 ಲೈಸಿನ್ ಇವೆ. ಒಮ್ಮೆ ಕಾರ್ಬಮೈಲ್ ಕೂತ ಜಾಗದಲ್ಲಿ ಪಿ300ಗೆ ಜಾಗವಿಲ್ಲ. ಯೂರಿಯಾವನ್ನು ಅವತ್ತವತ್ತೇ ಕರಗಿಸಿ, ರೆಸಿನ್‌ನಲ್ಲಿ ಅಯಾನು ತೆಗೆದು, ತಣ್ಣಗೆ ಬಳಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಮಾಡಿದವರು ವಾರದ ಹಿಂದಿನ ಬಾಟಲಿ ಬಳಸಿರಬೇಕು ಅನ್ನುವುದು ನನ್ನ ಊಹೆ.

ಮಾರಿದವರಿಗೆ ಮೇಲ್ ಹಾಕಿದೆವು. ಶೀಟಿನಲ್ಲಿದ್ದ ಸ್ಪೆಕ್ಟ್ರಮ್ ಬರೀ ಮಾದರಿಯಂತೆ, ಬೇರೆ ಲಾಟ್‌ನದಂತೆ. "ನಾವು ಹೇಳಿದ್ದು ಶುದ್ಧತೆ ಮಾತ್ರ, ಅದು ಸರಿಯಾಗೇ ಇದೆ" ಅಂದರು. ಮೇಲಾಗಿ ದೂರು ಕೊಡುವ 30 ದಿನ ಮುಗಿದಿತ್ತು. ಅವರು ಹೇಳಿದ್ದು ಸುಳ್ಳಲ್ಲ, ಸಿಟ್ಟು ಬರುವುದೇ ಅದಕ್ಕೆ. 43 ಡಾಲ್ಟನ್ ಹೆಚ್ಚಾದರೆ ನಾವು ಓಡಿಸಿದಂಥ ಎಸ್‌ಡಿಎಸ್ ಜೆಲ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಆರ್ಡರ್ ಹಾಕುವ ಮೊದಲೇ, ನಿಮಗೆ ಬರುವ ಲಾಟ್‌ನದ್ದೇ ಮಾಸ್ ಸ್ಪೆಕ್ಟ್ರಮ್ ಬೇಕು ಅಂತ ಇಂಡೆಂಟ್‌ನಲ್ಲೇ (ಖರೀದಿಯ ಬೇಡಿಕೆ ಪತ್ರ) ಬರೆಸಿ. ಇಂಡೆಂಟ್‌ನಲ್ಲಿ ಇಲ್ಲದ್ದನ್ನು ಕಮಿಟಿ ಕೇಳುವುದಿಲ್ಲ. ಪ್ರೋಟೀನ್ ಬಂದ ವಾರದಲ್ಲೇ ನೀವೂ ತೂಕ ನೋಡಿ. ಆ ಸೌಲಭ್ಯ ಇಲ್ಲದಿದ್ದರೆ ಹಳೇ ಕಾಲದ ಆ್ಯಸಿಡ್ ಯೂರಿಯಾ ಜೆಲ್ ಸಾಕು. ಕಾರ್ಬಮೈಲ್ ಕೂತರೆ ಲೈಸಿನ್‌ನ ಚಾರ್ಜ್ ಹೋಗುತ್ತದೆ, ಅದಕ್ಕೇ ಒಂದು ಬ್ಯಾಂಡ್ ಏಣಿ ಮೆಟ್ಟಿಲಾಗಿ ಕಾಣುತ್ತದೆ. ಹಾಂ, ಶುದ್ಧೀಕರಣಕ್ಕೆಂದು ಪ್ರೋಟೀನಿಗೆ ಜೋಡಿಸುವ ಹಿಸ್ ಟ್ಯಾಗ್ ಯಾವ ತುದಿಯಲ್ಲಿದೆ ಅಂತಲೂ ಕೇಳಿ. ಎಚ್3ರ ಮೊದಲ ತುದಿಯಲ್ಲೇ ಟ್ಯಾಗ್ ಇದ್ದರೆ, ಆ ತುದಿಯನ್ನು ಹಿಡಿಯುವ ಪಿಎಚ್‌ಡಿ ಫಿಂಗರ್‌ಗಳ (ಕೆಲವು ಪ್ರೋಟೀನುಗಳ ಒಂದು ಭಾಗ, ಡಿಗ್ರಿ ಅಲ್ಲ) ಕೆಲಸಕ್ಕೆ ಅದು ಬರುವುದಿಲ್ಲ.

ಈಗ ಬೇರೆ ಕಡೆಯಿಂದ ತಂದಿದ್ದೇವೆ, 15,273ರಲ್ಲಿ ಒಂದೇ ಶಿಖರ. ಹಳೇ ಎರಡು ವಯಲ್ ಮೈನಸ್ 80ರಲ್ಲಿ ಹಾಗೇ ಇವೆ, ಮುಚ್ಚಳದ ಮೇಲೆ ಕೆಂಪು ಮಾರ್ಕರ್‌ನಲ್ಲಿ ಅಡ್ಡ ಗೀಟು ಹಾಕಿಟ್ಟಿದ್ದೇವೆ. ಯಾರಿಗಾದರೂ ಚೆನ್ನಾಗಿ ಕಾರ್ಬಮೈಲ್ ಆದ ಎಚ್3 ಕಂಟ್ರೋಲ್‌ಗೆ ಬೇಕಿದ್ದರೆ ಹೇಳಿ, ಪುಕ್ಕಟೆ ಕೊಡುತ್ತೇವೆ.